ಬೊಲೆರೊ ಪಿಕಪ್ಪಿನ ಎಂಜಿನ್ ಮನೆಯಲ್ಲೇ ಇಳಿಸಿದ್ದು

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊರುತ್ತಿದ್ದ ನಮ್ಮ ಬೊಲೆರೊ ಪಿಕಪ್ಪು ಏರು ಬಂದರೆ ಏದುಸಿರು ಬಿಡತೊಡಗಿತ್ತು. ಸೈಲೆನ್ಸರಿನಿಂದ ನೀಲಿ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸ್ಸನೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನಿಂದ ಸೋರಿ ಬರುವ ಗಾಳಿ. ಬೋರ್ ಕೆಲಸ, ಅಂದರೆ ಸವೆದ ಸಿಲಿಂಡರುಗಳ ರಿಪೇರಿ, ಆಗಲೇಬೇಕಿತ್ತು. ಬಿಚ್ಚಿ ಜೋಡಿಸುವುದು ನನಗೆ ಮೊದಲಿಂದ ಇಷ್ಟದ ಕೆಲಸ, ಹಾಗಾಗಿ ಎಂಜಿನ್ ನಾನೇ ಇಳಿಸಿ ಆ ಕೆಲಸ ಮಾಡುವ ಲೇತ್ ವರ್ಕ್‌ಶಾಪಿಗೆ ಒಯ್ಯೋಣ ಅಂದುಕೊಂಡೆ. ಜೊತೆಗೆ ಇದ್ದವನು ಭಾಮೈದ ಒಬ್ಬನೇ.

2523 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಅದು, ಕೈಯಲ್ಲಿ ಎತ್ತುವ ಮಾತಿಲ್ಲ. ಕೊಳವೆಬಾವಿ ಮೋಟಾರ್ ಎತ್ತುವವರಿಂದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನೂ ಎರಡು ಟನ್ನಿನ ಚೈನ್ ಪುಲ್ಲಿಯನ್ನೂ ಬಾಡಿಗೆಗೆ ತಂದೆವು. ಎರಡು ಕಾಲು ಗಾಡಿಯ ಅಕ್ಕಪಕ್ಕ, ಒಂದು ಮುಂದೆ. ಎಂಜಿನ್ ಮೇಲೆದ್ದ ಮೇಲೆ ಗಾಡಿಯನ್ನೇ ಹಿಂದಕ್ಕೆ ತಳ್ಳಿದರಾಯಿತು.

ಹಿಂದಿನ ರಾತ್ರಿಯೇ ತುಕ್ಕು ಬಿಡಲಿ ಅಂತ ಸೈಲೆನ್ಸರ್ ನಟ್ಟುಗಳಿಗೆ ಡೀಸೆಲ್ ಬಿಟ್ಟಿದ್ದೆ. ಬೆಳಿಗ್ಗೆ ಬ್ಯಾಟರಿ, ಬಾನೆಟ್ಟು, ಗ್ರಿಲ್ಲು, ರೇಡಿಯೇಟರ್ ತೆಗೆದೆ. ಕೂಲಂಟ್ ಬಕೆಟ್ಟಿಗೆ ಬಸಿದು ಮೊದಲು ಕೋಣೆಯೊಳಗಿಟ್ಟು ಬಾಗಿಲು ಹಾಕಿದೆ. ಸಿಹಿ ರುಚಿಯ ವಿಷ ಅದು, ಕೊಟ್ಟಿಗೆಯಲ್ಲಿ ಕರು ಇದೆ. ಸೆಲ್ಫ್ ಸ್ಟಾರ್ಟರ್ ಮೋಟಾರ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚಿದ್ದಾಯಿತು. ಪವರ್ ಸ್ಟೀರಿಂಗ್ ಪಂಪಿನ ಪೈಪುಗಳನ್ನು ಮುಟ್ಟದೆ ಪಂಪನ್ನೇ ಪಕ್ಕಕ್ಕೆ ಕಟ್ಟಿದೆ. ಟರ್ಬೊ ಬಾಯಿಗೂ ಡೀಸೆಲ್ ಪೈಪುಗಳ ಬಾಯಿಗೂ ಪ್ಲಾಸ್ಟಿಕ್ ಬಿಗಿದೆ. ಒಂದು ಕಣ ಮಣ್ಣು ಒಳಹೋದರೂ ಇಂಜೆಕ್ಟರಿಗೆ ಕುತ್ತು. ವೈರಿಂಗಿನ ಒಂದೊಂದು ಸಾಕೆಟ್ಟಿಗೂ ಟೇಪ್ ಸುತ್ತಿ ನಂಬರ್ ಬರೆದು ಫೋಟೊ ತೆಗೆದುಕೊಂಡೆ.

ಗೇರ್‌ಬಾಕ್ಸಿಗೆ ಎಂಜಿನ್ ಕೂರುವ ಬೆಲ್ ಹೌಸಿಂಗಿನ ಬೋಲ್ಟುಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಅದರ ದುಂಡು ಆಕಾರ ಬರೆದು, ತೂತು ಹಾಕಿ, ತೆಗೆದ ಬೋಲ್ಟನ್ನು ಅದರ ಜಾಗಕ್ಕೇ ಚುಚ್ಚುತ್ತಾ ಹೋದೆ. ಎಲ್ಲಕ್ಕಿಂತ ಮೇಲಿನ ಎರಡು ಕಣ್ಣಿಗೆ ಕಾಣುವುದಿಲ್ಲ. ಗಾಡಿಯ ಕೆಳಗೆ ಮಲಗಿ, ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿ, ಬೆರಳಲ್ಲೇ ತಡವಿ ಹುಡುಕಬೇಕು. ಅವೆರಡಕ್ಕೇ ಒಂದು ಗಂಟೆ ಹೋಯಿತು.

ಗೇರ್‌ಬಾಕ್ಸಿನ ಕೆಳಗೆ ಹಲಗೆ ಇಟ್ಟು ಜಾಕ್ ಕೊಟ್ಟು, ಎಂಜಿನ್ ಕೂರುವ ಎರಡೂ ಫೌಂಡೇಶನ್ ಬಿಚ್ಚಿ ಪುಲ್ಲಿ ಎಳೆದೆವು. ಭಾರ ಬಿದ್ದದ್ದೇ ಸ್ಟ್ಯಾಂಡಿನ ಮುಂದಿನ ಕಾಲು ಕೆಮ್ಮಣ್ಣಿನಲ್ಲಿ ಅರ್ಧ ಅಡಿ ಜಾರಿತು. ಎದೆ ಧಸಕ್ಕೆಂದಿತು. ಎಂಜಿನ್ನನ್ನು ಮತ್ತೆ ಫೌಂಡೇಶನ್ ಮೇಲೆ ಕೂರಿಸಿ, ಮೂರೂ ಕಾಲಿಗೆ ಗುಳಿ ತೋಡಿ, ಕಾಲುಗಳನ್ನು ಬುಡದಲ್ಲಿ ಒಂದಕ್ಕೊಂದು ಸರಪಳಿಯಿಂದ ಬಿಗಿದ ಮೇಲೇ ಮುಂದುವರಿದೆವು. ಇದನ್ನು ಮೊದಲೇ ಮಾಡಬೇಕಿತ್ತು.

ಎಂಜಿನ್ ಒಂದು ಇಂಚು ಮುಂದೆ ಬಂದು ಕಚ್ಚಿಕೊಂಡಿತು.

"ಇನ್ನೊಂದ್ಸಲ ಎಳೀಲಾ ಭಾವ?"

"ಬ್ಯಾಡ, ಪುಲ್ಲಿ ಮುಟ್ಬ್ಯಾಡ ಕಣೋ!"

ಟಾರ್ಚ್ ಬಿಟ್ಟು ನೋಡಿದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದು ಮೇಲ್ಗಡೆ ಮುಚ್ಚಿಕೊಂಡಿತ್ತು, ಕೆಳಗಡೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಜಾಕ್ ಮಣ್ಣಿಗೆ ಇಳಿದು ಗೇರ್‌ಬಾಕ್ಸಿನ ಮೂತಿ ಜಗ್ಗಿತ್ತು. ಹಾಗೇ ಎಳೆದಿದ್ದರೆ ಭಾರವೆಲ್ಲ ಗೇರ್‌ಬಾಕ್ಸಿನಿಂದ ಹೊರಟು ಕ್ಲಚ್ಚಿನೊಳಗೆ ತೂರಿರುವ ಕ್ಲಚ್ ಶಾಫ್ಟಿನ ಮೇಲೆ ಬಿದ್ದು ಶಾಫ್ಟೂ ಕ್ಲಚ್ ಪ್ಲೇಟೂ ಹಾಳಾಗುತ್ತಿದ್ದವು. ಈ ಎಂಜಿನ್ ಮೊದಲು ನೇರವಾಗಿ ಮುಂದಕ್ಕೆ ಬರಬೇಕು, ಶಾಫ್ಟ್ ಪೂರ್ತಿ ಬಿಟ್ಟ ಮೇಲೆ ಮೇಲಕ್ಕೆ. ಜಾಕ್ ಒಂದೊಂದೇ ಎಳೆ ಏರಿಸಿದೆ. ಸಂದು ಸುತ್ತಲೂ ಸಮ ಆದಾಗ ಎಂಜಿನ್ನನ್ನು ಅಂಗೈಯಲ್ಲಿ ಒಂದು ಸಲ ಅಲುಗಾಡಿಸಿದೆ ಅಷ್ಟೆ, ಬೆಣ್ಣೆಯಂತೆ ಜಾರಿ ಬಂತು.

ತೂಗುತ್ತಿರುವ ಎಂಜಿನ್ನಿನ ಅಡಿಗೆ ಕೈ ಹಾಕಲು ಭಾಮೈದನಿಗೂ ಬಿಡಲಿಲ್ಲ, ನಾನೂ ಹಾಕಲಿಲ್ಲ. ಗಾಡಿ ಹಿಂದಕ್ಕೆ ತಳ್ಳಿ, ಎರಡು ಹಳೇ ಟಯರಿನ ಮೇಲೆ ಅದನ್ನು ಇಳಿಸುವಾಗ ಸಂಜೆ ಐದಾಗಿತ್ತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬಿಚ್ಚಿದರೆ ಕ್ಲಚ್ ಪ್ಲೇಟಿನ ಅಂಚೆಲ್ಲ ಎಣ್ಣೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೂಡ ಹೋಗಿತ್ತು. ಲೇತಿಗೆ ಕೊಡುವ ಚೀಟಿಯಲ್ಲಿ ಅದನ್ನೂ ಸೇರಿಸಿ ಬರೆದೆ.