ಪೇಂಟ್ ಹೊಡೆಸದೆ ಉಳಿಸಿಕೊಂಡ ನನ್ನ ಫುಲ್ವಿಯಾ

ಇಟಲಿಯ ಟ್ಯೂರಿನ್‌ನಲ್ಲಿ ಕೆಲಸ ಮಾಡುವವನಿಗೆ ಲಾಂಚಿಯಾ ಕಾರಿನ ಹುಚ್ಚು ಹತ್ತುವುದಕ್ಕೆ ಜಾಸ್ತಿ ಕಾಲ ಬೇಕಾಗುವುದಿಲ್ಲ. ವಿನ್ಚೆಂಜೊ ಲಾಂಚಿಯಾ 1906ರಲ್ಲಿ ಕಂಪನಿ ಕಟ್ಟಿದ್ದು ಇದೇ ಊರಲ್ಲಿ. ನನಗೆ ಬೇಕಾಗಿದ್ದದ್ದು ಅವರ ಫುಲ್ವಿಯಾ ಕೂಪೆ, ಅಂದರೆ ಎರಡು ಬಾಗಿಲಿನದ್ದು. 1965ರಲ್ಲಿ ಬಂದು 1976ರವರೆಗೆ ತಯಾರಾದ ಪುಟ್ಟ ಕಾರು. ಪಿಯೆರೊ ಕಾಸ್ತಾನ್ಯೆರೊ ಬಿಡಿಸಿದ ಅದರ ಟಾಪು ಹೊರುವ ತೆಳುವಾದ ಕಂಬಗಳು, ದೊಡ್ಡ ಗಾಜು, ಚಿಕ್ಕ ಹಿಂಭಾಗ ಇವತ್ತಿಗೂ ಚೆಂದ. 1972ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸಾಂದ್ರೊ ಮುನಾರಿ ಮತ್ತು ಮಾರಿಯೊ ಮನ್ನುಚ್ಚಿ ಇದರ 1.6 ಎಚ್‌ಎಫ್ ಮಾದರಿಯಲ್ಲಿ, ತಮಗಿಂತ ಬಲವಾದ ಪೋರ್ಷೆ, ಆಲ್ಪೀನ್ ಕಾರುಗಳನ್ನೆಲ್ಲ ಹಿಂದೆ ಹಾಕಿ ಗೆದ್ದಿದ್ದರು. ಎಚ್‌ಎಫ್ ನನ್ನ ಜೇಬಿಗೆ ಎಟುಕುವುದಲ್ಲ. ನಾನು ಹುಡುಕಿದ್ದು 1.3 ಎಸ್, ಎರಡನೇ ಸರಣಿಯದ್ದು. 1298 ಸಿಸಿ, 90 ಅಶ್ವಶಕ್ತಿ, ಐದು ಗೇರು.

ಹುಡುಕುವಾಗ ಒಂದೇ ಷರತ್ತು ಇಟ್ಟುಕೊಂಡಿದ್ದೆ. ರಿಪೇರಿ ಮಾಡಿ ಹೊಳೆಯುವಂತೆ ಮಾಡಿದ ಕಾರು ಬೇಡ, ಹಳೆಯದಾಗಿಯೇ ಚೆನ್ನಾಗಿ ಉಳಿದದ್ದು ಬೇಕು. ಹೊಸ ಪೇಂಟಿನ ಕೆಳಗೆ ಏನು ಅಡಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಳೇ ಪೇಂಟು ಏನನ್ನೂ ಮುಚ್ಚಿಡುವುದಿಲ್ಲ. ಎಲ್ಲಿ ಬೆಸುಗೆ ಹಾಕಿದ್ದಾರೆ, ಸಂದಿ ಮುಚ್ಚುವ ಸೀಲರ್ ಅನ್ನು ಬ್ರಷ್ಷಿನಲ್ಲಿ ಹೇಗೆ ಎಳೆದಿದ್ದಾರೆ, ಸೀಟಿನ ಹೊಲಿಗೆ ಎಷ್ಟು ದೂರ ದೂರ ಇದೆ, ಎಲ್ಲ ಕಾಣುತ್ತದೆ. ಅಂಥ ಕಾರು ಬೇರೆ ಕಾರುಗಳನ್ನು ಸರಿಮಾಡುವವರಿಗೂ ದಾಖಲೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಚಾರ್ಟರ್ ಹೇಳುವುದೂ ಇದನ್ನೇ: ಮೊದಲು ಉಳಿಸಿಕೊಳ್ಳಿ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಹೊಸದು ಮಾಡಿ.

ಕೊನೆಗೆ ಸಿಕ್ಕಿದ ಕಾರು 1971ರದ್ದು, ಕಡು ನೀಲಿ. ತೀರಿಕೊಂಡ ಯಜಮಾನರ ಮಗಳು ಮಾರಾಟಕ್ಕೆ ಇಟ್ಟಿದ್ದರು. ವರ್ಷಗಳಿಂದ ಗ್ಯಾರೇಜಿನಲ್ಲೇ ನಿಂತಿತ್ತು.

ಮೊದಲು ನಂಬರ್ ಪ್ಲೇಟ್ ನೋಡಿದೆ. ಕಪ್ಪು ಪ್ಲೇಟು, ಬಿಳಿ ಅಕ್ಷರ, ಮುಂದೆ ಟ್ಯೂರಿನ್ ಪ್ರಾಂತ್ಯದ 'ಟಿಒ'. ಇಟಲಿಯಲ್ಲಿ 1994ಕ್ಕೆ ಮುಂಚೆ ಕಾರು ಬೇರೆ ಪ್ರಾಂತ್ಯದವರ ಕೈಗೆ ಹೋದರೆ ಪ್ಲೇಟೂ ಬದಲಾಗುತ್ತಿತ್ತು. ಹಾಗಾಗಿ ಮೂಲ ಪ್ಲೇಟ್ ಉಳಿದಿದೆ ಅಂದರೆ ಆ ವರ್ಷಗಳಲ್ಲಿ ಕಾರು ಇಲ್ಲೇ ಇತ್ತು ಅಂತ ಅರ್ಥ. ಆಮೇಲೆ ವಾಹನ ನೋಂದಣಿ ಕಚೇರಿಯಿಂದ ಮಾಲೀಕರ ಪಟ್ಟಿಯ ನಕಲು ತೆಗೆಸಿದೆ. ಚಾಸಿ ನಂಬರು ಕಾಗದದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದೆ. ಫುಲ್ವಿಯಾದ ಚಾಸಿ ನಂಬರು 818ರಿಂದ ಶುರುವಾಗಬೇಕು.

ನಂತರ ಪೇಂಟ್ ಮೀಟರ್. ಕೈಯಗಲದ ಯಂತ್ರ, ಪೇಂಟಿನ ದಪ್ಪವನ್ನು ಮೈಕ್ರಾನ್‌ನಲ್ಲಿ ತೋರಿಸುತ್ತದೆ. ಬಾನೆಟ್, ಟಾಪು, ಬಾಗಿಲುಗಳಲ್ಲಿ 100ರಿಂದ 130. ಎಡಗಡೆ ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಮಾತ್ರ 250 ದಾಟಿತು. ಅಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿದೆ, ಗಟ್ಟಿಯಾಗಿ ಹಿಡಿಯಿತು. ಅಂದರೆ ಪುಟ್ಟಿ ತುಂಬಿಲ್ಲ, ಬರೀ ಒಂದು ಸಲ ಮೇಲೆ ಪೇಂಟ್ ಬಿದ್ದಿದೆ. ಗ್ಯಾರೇಜಿನ ಕಂಬಕ್ಕೆ ಅಪ್ಪ ಒಮ್ಮೆ ಉಜ್ಜಿದ್ದರು ಅಂತ ಮಗಳು ತಾವಾಗಿಯೇ ಹೇಳಿದರು.

ಆದರೆ ಫುಲ್ವಿಯಾದ ಹಣೆಬರಹ ಇರುವುದು ಕೆಳಗಡೆ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಮೂರನ್ನೂ ಸಬ್‌ಫ್ರೇಮ್ ಅನ್ನುವ ಒಂದು ಚೌಕಟ್ಟು ಹೊತ್ತಿರುತ್ತದೆ. ಅದನ್ನು ಕಾರಿನ ಮೈಗೆ ಬೋಲ್ಟ್ ಮಾಡಿರುವ ಜಾಗಗಳಲ್ಲಿ ತುಕ್ಕು ಹಿಡಿದರೆ ಮುಗಿಯಿತು, ಟಿಂಕರಿಂಗ್ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಅದಕ್ಕೇ ಕಾರೆತ್ತುವ ಹಾಯ್ಸ್ಟ್ ಮೇಲೆ ಏರಿಸದೆ ಮಾತಾಡುವುದೇ ಇಲ್ಲ ಅಂದಿದ್ದೆ. ಸ್ಕ್ರೂಡ್ರೈವರ್ ಹಿಡಿಯಿಂದ ಆ ಜಾಗಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದೆ. ಗಟ್ಟಿ ತಗಡು 'ಟಣ್' ಅನ್ನುತ್ತದೆ, ಒಳಗೆ ಕೊಳೆತದ್ದು 'ಡಬ್' ಅನ್ನುತ್ತದೆ. ಬಾಗಿಲ ಕೆಳಗಿನ ಸಿಲ್, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಕಾಲಡಿ ನೆಲ, ಎಲ್ಲ 'ಟಣ್'. ಅಲ್ಲೇ ಮುಂಗಡ ಕೊಟ್ಟೆ.

ಮನೆಗೆ ಟ್ರಕ್ಕಿನಲ್ಲಿ ತಂದೆ. ಇಷ್ಟು ವರ್ಷ ನಿಂತ ಎಂಜಿನ್ನಿಗೆ ಸುಮ್ನೆ ಕೀ ತಿರುಗಿಸುವುದು ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಟ್ಟೆ. ಮಾರನೇ ದಿನ ಕಾರನ್ನು ಮೇಲಿನ ಗೇರಿಗೆ ಹಾಕಿ, ಜ್ಯಾಕ್ ಮೇಲೆ ಎತ್ತಿದ ಮುಂದಿನ ಚಕ್ರಗಳನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದೆ. ಅದರ ಜೊತೆ ಎಂಜಿನ್ನೂ ತಿರುಗಿತು, ಎಲ್ಲೂ ಹಿಡಿಯಲಿಲ್ಲ. ಹೊಸ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿದೆ. ಆಯಿಲ್ ಪ್ರೆಷರ್ ಮುಳ್ಳು ಎದ್ದ ಮೇಲೆಯೇ ಪೆಟ್ರೋಲಿನ ಮಾತು.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ವಿ4, ಅಂದರೆ ನಾಲ್ಕು ಸಿಲಿಂಡರು 'ವಿ' ಆಕಾರದ ಎರಡು ಸಾಲಿನಲ್ಲಿ. ಆದರೆ ಆ ಸಾಲುಗಳ ನಡುವಿನ ಕೋನ ಸುಮಾರು 13 ಡಿಗ್ರಿ ಅಷ್ಟೇ. ಅಷ್ಟು ಕಿರಿದಾದ್ದರಿಂದ ನಾಲ್ಕೂ ಸಿಲಿಂಡರಿಗೆ ಮೇಲಿನ ಮುಚ್ಚಳ, ಅಂದರೆ ಹೆಡ್, ಒಂದೇ ಸಾಕು. ಮೇಲೆ ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಒಂದು ಒಳಗೆ ಬಿಡುವ ವಾಲ್ವುಗಳಿಗೆ, ಇನ್ನೊಂದು ಹೊರಗೆ ಬಿಡುವವಕ್ಕೆ. ಇಡೀ ಎಂಜಿನ್ನನ್ನು 45 ಡಿಗ್ರಿ ವಾಲಿಸಿ ಕೂರಿಸಿದ್ದಾರೆ, ಬಾನೆಟ್ ತಗ್ಗಾಗಿ ಇರಲಿ ಅಂತ. ಎಂಜಿನಿಯರ್ ಎತ್ತೊರೆ ಝಕ್ಕೋನೆ ಮಿನಾ ಅವರ ಕೆಲಸ ಇದು. ಇದನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಗೌರವ ಹೆಚ್ಚಾಗುತ್ತದೆ.

ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ಬಸಿದು, ಟ್ಯಾಂಕ್ ತೊಳೆಸಿ, ಎರಡೂ ಸೋಲೆಕ್ಸ್ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ಟುಗಳನ್ನು ಶುಚಿ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿದೆ. ಪೆಟ್ರೋಲ್ ಪೈಪುಗಳನ್ನು ಪೂರ್ತಿ ಬದಲಾಯಿಸಿದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರನ್ನು ತಿಂದುಹಾಕುತ್ತದೆ, ಸೋರಿದರೆ ಬೆಂಕಿ. ಬ್ರೇಕಿನಲ್ಲೂ ರಾಜಿ ಇಲ್ಲ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಪಿಸ್ಟನ್ನುಗಳು ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಒಳಗೆ ಜಾಮ್ ಆಗಿದ್ದವು. ಬಿಚ್ಚಿಸಿ ಹೊಸ ಸೀಲ್, ಹೊಸ ಹೋಸ್, ಹೊಸ ಬ್ರೇಕ್ ಆಯಿಲ್ ಹಾಕಿಸಿದೆ. ಟೈರು ನೋಡೋಕೆ ಹೊಸದರ ಹಾಗೇ ಇತ್ತು. ಆದರೂ ಪಕ್ಕದಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿ ನೋಡಿ, ಹಳೇದು ಅಂತ ತೆಗೆದೇಬಿಟ್ಟೆ.

ಕಣ್ಣಿಗೆ ಬೀಳದ ಕಡೆ ಇಷ್ಟೆಲ್ಲ ಮಾಡಿದವನು ಕಣ್ಣಿಗೆ ಬೀಳುವ ಕಡೆ ಕೈಯೇ ಹಾಕಲಿಲ್ಲ ಅಂದರೂ ಆದೀತು. ಬಾನೆಟ್ ಮೇಲೆ ಕಲ್ಲು ಸಿಡಿದ ಸಣ್ಣ ಚುಕ್ಕೆಗಳಿವೆ. ಚಾಲಕನ ಸೀಟಿನ ಹೊರ ಅಂಚು ಸವೆದಿದೆ. ಮರದ ಡ್ಯಾಶ್‌ಬೋರ್ಡಿನ ವಾರ್ನಿಷ್ ಬಿಸಿಲಿಗೆ ಸೀಳಿದೆ. ಮೈಸೂರಿಂದ ತಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಅಣ್ಣಾ, ಇಷ್ಟು ಖರ್ಚು ಮಾಡಿದ್ದೀಯ, ಒಂದು ಪೇಂಟ್ ಹೊಡೆಸಿಬಿಡೋದಲ್ವಾ?" ಅಂದ. ಬೇಡ ಕಣೋ ಅಂದೆ. ಹೊಡೆಸಿದರೆ ಸಾವಿರಾರು ಫುಲ್ವಿಯಾಗಳಲ್ಲಿ ಇದೂ ಒಂದಾಗುತ್ತದೆ. ಲಾಂಚಿಯಾದ ಕಿವಾಸ್ಸೊ ಕಾರ್ಖಾನೆಯಲ್ಲಿ ಬಿದ್ದ ಪೇಂಟನ್ನು ಇನ್ನೊಮ್ಮೆ ತರುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಮೆತ್ತಗಿನ ಶಾಂಪೂವಿನಲ್ಲಿ ತೊಳೆದು, ಮಾಸಿದ ಕಡೆ ಮಾತ್ರ ನಯವಾದ ಪಾಲಿಷನ್ನು ಕೈಯಲ್ಲಿ ಉಜ್ಜಿ, ವ್ಯಾಕ್ಸ್ ಹಚ್ಚಿದೆ. ಮೆಷಿನ್ ಮುಟ್ಟಿಸಲಿಲ್ಲ, ಅಂಚುಗಳಲ್ಲಿ ಪೇಂಟು ತುಂಬಾ ತೆಳ್ಳಗಿರುತ್ತದೆ. ಸಿಲ್ಲುಗಳ ಒಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿದೆ. ಸೀಟಿನ ಬಿಚ್ಚಿದ ಹೊಲಿಗೆಯನ್ನು ಹಳೇ ತೂತುಗಳಲ್ಲೇ ದಾರ ತೂರಿಸಿ ಹೊಲಿಸಿದೆ. ತೆಗೆದ ಪ್ರತಿ ಭಾಗವನ್ನೂ, ಹಳೇ ಕ್ಲಿಪ್ಪು, ಪೈಪು ಸಮೇತ, ಚೀಟಿ ಬರೆದು ಡಬ್ಬದಲ್ಲಿ ಇಟ್ಟಿದ್ದೇನೆ. ಮುಂದೆ ಕೊಳ್ಳುವವರಿಗೆ ಅದೂ ಸೇರಿಯೇ ಹೋಗಬೇಕು.

ಇಲ್ಲಿನ ಹಳೇ ವಾಹನಗಳ ಸಂಸ್ಥೆ ಆಸಿಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿದೆ. ಅದಕ್ಕೆ ತೊಂದರೆಯೇನೂ ಆಗಲಿಲ್ಲ. ಮೂವತ್ತು ವರ್ಷ ದಾಟಿದ ಕಾರಿಗೆ ಇಟಲಿಯಲ್ಲಿ ಮಾಮೂಲಿ ರಸ್ತೆ ತೆರಿಗೆ ಇಲ್ಲ, ರಸ್ತೆಗಿಳಿಸಿದರೆ ಸಣ್ಣ ಮೊತ್ತ ಅಷ್ಟೇ. ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾತ್ರ ತಪ್ಪುವುದಿಲ್ಲ.

ಈಗ ಚಳಿಗಾಲ ಬಿಟ್ಟು ಉಳಿದ ತಿಂಗಳಲ್ಲಿ ಓಡಿಸುತ್ತೇನೆ, ರಸ್ತೆಗೆ ಉಪ್ಪು ಎರಚುವ ಕಾಲದಲ್ಲಿ ಹೊರಗೆ ತೆಗೆಯುವುದಿಲ್ಲ. ಟ್ಯೂರಿನ್ ಪಕ್ಕದ ಸುಪೆರ್ಗಾ ಬೆಟ್ಟದ ತಿರುವುಗಳಲ್ಲಿ ಹೋದರೆ ಎಂಜಿನ್ ಪೂರ್ತಿ ಬಿಸಿಯಾಗುತ್ತದೆ, ಆಯಿಲಿನೊಳಗಿನ ತೇವ ಆರುತ್ತದೆ, ಕ್ಯಾಲಿಪರ್ ಪಿಸ್ಟನ್ನುಗಳು ಮತ್ತೆ ಹಿಡಿದುಕೊಳ್ಳುವುದಿಲ್ಲ. ಗ್ಯಾರೇಜಿನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದಕ್ಕಿಂತ, ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿದರೆ ಎಷ್ಟೋ ವಾಸಿ.