‘ದ ಟ್ರೂ ಬಿಲೀವರ್ಸ್’ ಸೀರೀಸ್ ನೋಡೋಕೆ ಕೂರೋ ಮುಂಚೆ ಇಷ್ಟು ತಿಳ್ಕೊಂಡಿರಿ

1988ರಲ್ಲಿ ಆಸ್ಟ್ರೇಲಿಯಾದ ಎಬಿಸಿ ಚಾನೆಲ್‌ನಲ್ಲಿ ಎಂಟು ಕಂತಲ್ಲಿ ಬಂದ ಸೀರೀಸ್ ಇದು, ಬರೆದಿದ್ದು ಬಾಬ್ ಎಲ್ಲಿಸ್ ಮತ್ತೆ ಸ್ಟೀಫನ್ ರಾಮ್ಸೆ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಂದ 1955ರವರೆಗೆ ಅಲ್ಲಿನ ಲೇಬರ್ ಪಕ್ಷ ಹೇಗೆ ಅಧಿಕಾರದಲ್ಲಿತ್ತು, ಹೇಗೆ ಕಳ್ಕೊಂಡ್ತು, ಆಮೇಲೆ ಹೇಗೆ ಎರಡು ಹೋಳಾಯ್ತು ಅನ್ನೋದೇ ಕಥೆ. ರಾಜಕೀಯದ ಕಥೆ ಇಷ್ಟ ಪಡೋರು ಯಾರೇ ಆದ್ರೂ ನೋಡ್ಬೇಕು ಅಂತ ನಾನು ಹೇಳ್ತೀನಿ, ಆದ್ರೆ ಏನೂ ಗೊತ್ತಿಲ್ದೆ ಕೂತ್ರೆ ಎರಡನೇ ಕಂತಿಗೇ ಸುಸ್ತಾಗುತ್ತೆ, ಯಾಕಂದ್ರೆ ಕೋಟು ಹಾಕ್ಕೊಂಡ ಗಂಡಸರು ರೂಮಲ್ಲಿ ಕೂತು ಜಗಳ ಆಡೋದೇ ಜಾಸ್ತಿ, ಯಾರು ಯಾವ ಗುಂಪು ಅಂತ ಗೊತ್ತಾಗದೆ ಇದ್ರೆ ಆ ಜಗಳದ ಬಿಸಿ ನಮಗೆ ತಟ್ಟಲ್ಲ.

ಮೊದಲನೇ ವಿಷ್ಯ, ಇದನ್ನ ಲೇಬರ್ ವರ್ಸಸ್ ಎದುರು ಪಕ್ಷದ ನಾಯಕ ಮೆಂಜೀಸ್ ಅಂತ ನೋಡ್ಬೇಡಿ. ಹಾಗೆ ನೋಡಿದ್ರೆ ಅರ್ಧ ಕಥೆ ತಪ್ಪಿಹೋಗುತ್ತೆ. ಪಾರ್ಲಿಮೆಂಟಲ್ಲಿ ನಡೆಯೋ ಮಾತಿನ ಯುದ್ಧ ಚೆನ್ನಾಗಿರುತ್ತೆ ನಿಜ, ಆದ್ರೆ ಪಕ್ಷದ ಹಣೆಬರಹ ತೀರ್ಮಾನ ಆಗ್ತಿದ್ದಿದ್ದು ಕಲ್ಲಿದ್ದಲು ಗಣಿ, ಬಂದರು, ಉಕ್ಕಿನ ಕಾರ್ಖಾನೆಗಳ ಯೂನಿಯನ್ ಎಲೆಕ್ಷನ್‌ಗಳಲ್ಲಿ. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಲೇಬರ್ ಪಕ್ಷಕ್ಕೆ ಯೂನಿಯನ್‌ಗಳೇ ಸದಸ್ಯರು, ಎಷ್ಟು ಜನ ಕಾರ್ಮಿಕರು ಇದ್ದಾರೋ ಅಷ್ಟರ ಲೆಕ್ಕದಲ್ಲಿ ಪಕ್ಷಕ್ಕೆ ದುಡ್ಡು ಕಟ್ಟಿ ರಾಜ್ಯ ಸಮ್ಮೇಳನಕ್ಕೆ ಪ್ರತಿನಿಧಿಗಳನ್ನ ಕಳಿಸ್ತಾರೆ, ಆ ಸಮ್ಮೇಳನ ರಾಜ್ಯದ ಕಾರ್ಯಕಾರಿ ಸಮಿತಿನ ಆರಿಸುತ್ತೆ, ಆ ಸಮಿತಿ ಕೈಯಲ್ಲಿ ಟಿಕೆಟ್ ಇರುತ್ತೆ. ಮೇಲ್ಗಡೆ ಇಡೀ ದೇಶದ ಫೆಡರಲ್ ಸಮ್ಮೇಳನ, ಆಗೆಲ್ಲ ಪ್ರತಿ ರಾಜ್ಯದಿಂದ ಆರು ಜನ, ಒಟ್ಟು 36 ಜನ ಇರ್ತಿದ್ರು, ಅವ್ರು ಹೇಳಿದ್ದೇ ಪಾಲಿಸಿ, ಪ್ರಧಾನಿನೂ ಕೇಳ್ಬೇಕಿತ್ತು. ಅಂದ್ರೆ ಯೂನಿಯನ್ ಯಾರ ಕೈಲಿದೆಯೋ ಪಕ್ಷ ಅವ್ರ ಕೈಲಿ.

ಆ ಕಾಲಕ್ಕೆ ಗಣಿ ಕಾರ್ಮಿಕರ ಯೂನಿಯನ್, ಬಂದರು ಕೂಲಿಗಳ ಯೂನಿಯನ್, ಕಬ್ಬಿಣ ಕೆಲಸದೋರ ಯೂನಿಯನ್, ಈ ಮೂರರಲ್ಲೂ ಕಮ್ಯುನಿಸ್ಟ್ ಮುಖಂಡರು ಗಟ್ಟಿಯಾಗಿ ಕೂತಿದ್ರು. ಅವ್ರನ್ನ ಕೆಳಗಿಳಿಸ್ಬೇಕು ಅಂತ 1945ರಿಂದ ಲೇಬರ್ ಪಕ್ಷವೇ ‘ಇಂಡಸ್ಟ್ರಿಯಲ್ ಗ್ರೂಪ್ಸ್’ ಅಂತ ಶುರು ಮಾಡ್ತು, ಸೀರೀಸಲ್ಲಿ ‘ಗ್ರೂಪರ್ಸ್’ ಅಂತ ಕೇಳಿಸಿದ್ರೆ ಇವ್ರೇ. ಇವ್ರ ಹಿಂದೆ ಇನ್ನೊಂದು ಸಂಘಟನೆ ಗುಟ್ಟಾಗಿ ಕೆಲಸ ಮಾಡ್ತಿತ್ತು, ಮೆಲ್ಬರ್ನ್‌ನ ಬಾಬ್ ಸಾಂಟಮರಿಯಾ ನಡೆಸ್ತಿದ್ದ ಕ್ಯಾಥೊಲಿಕ್ ‘ಮೂವ್‌ಮೆಂಟ್’, ಆರ್ಚ್‌ಬಿಷಪ್ ಮ್ಯಾನಿಕ್ಸ್ ಅವ್ರ ಬೆಂಬಲ ಅದಕ್ಕಿತ್ತು. ಲೇಬರ್ ಪಕ್ಷದಲ್ಲಿ ಐರಿಶ್ ಮೂಲದ ಕ್ಯಾಥೊಲಿಕರು ತುಂಬಾ ಜನ, ಹಾಗಾಗಿ ಈ ಜಗಳ ಬರೀ ಸಿದ್ಧಾಂತದ್ದಾಗಿ ಉಳೀಲಿಲ್ಲ, ಮನೆ, ಚರ್ಚು, ಕೆಲಸದ ಜಾಗ ಎಲ್ಲಾ ಕಡೆ ಒಂದೇ ಸಲ ಹೊತ್ಕೊಂಡ್ತು. ಇದೊಂದು ಮನಸ್ಸಲ್ಲಿ ಇಟ್ಕೊಂಡ್ರೆ ಕೊನೇ ಕಂತುಗಳಲ್ಲಿ ಆ ಜನ ಯಾಕೆ ಅಷ್ಟು ಕಹಿಯಾಗಿ ಮಾತಾಡ್ತಾರೆ ಅಂತ ಅರ್ಥ ಆಗುತ್ತೆ.

ಇನ್ನು ಮುಖಗಳು. ಮೂರು ಜನರನ್ನ ಗುರುತಿಟ್ಕೊಂಡ್ರೆ ಸಾಕು. ಬೆನ್ ಚಿಫ್ಲಿ ಪಾತ್ರ ಎಡ್ ಡೆವೆರೋ ಮಾಡಿದ್ದಾರೆ. ಬಾಥರ್ಸ್ಟ್ ಊರಿನ ರೈಲ್ವೆ ಎಂಜಿನ್ ಡ್ರೈವರ್, 1917ರ ದೊಡ್ಡ ಸ್ಟ್ರೈಕಲ್ಲಿ ಸೇರಿದ್ದಕ್ಕೆ ಕೆಲಸ ಹೋಗಿ ಆಮೇಲೆ ಕೆಳದರ್ಜೆಗೆ ವಾಪಸ್ ತಗೊಂಡ್ರು, ಅಂಥೋರು 1945ರ ಜುಲೈ 13ಕ್ಕೆ ಪ್ರಧಾನಿ ಆದ್ರು, ಪ್ರಧಾನಿ ಬಂಗ್ಲೆ ಬಿಟ್ಟು ಕ್ಯಾನ್‌ಬೆರಾದ ಹೋಟೆಲ್ ಕುರಾಜಾಂಗ್‌ನ ಒಂದು ರೂಮಲ್ಲೇ ಇದ್ರು. ಎರಡನೇವ್ರು ಡಾಕ್ಟರ್ ಎಚ್. ವಿ. ಎವಟ್, ಪಾತ್ರಧಾರಿ ಸೈಮನ್ ಚಿಲ್ವರ್ಸ್. 36ನೇ ವಯಸ್ಸಿಗೇ ಹೈಕೋರ್ಟ್ ಜಡ್ಜ್ ಆಗಿದ್ರು, ಅಲ್ಲಿ ಹೈಕೋರ್ಟ್ ಅಂದ್ರೆ ನಮ್ಮ ಸುಪ್ರೀಂ ಕೋರ್ಟ್ ಇದ್ದಂಗೆ, ಆಮೇಲೆ ವಿಶ್ವಸಂಸ್ಥೆಯ ಮಹಾಸಭೆ ಅಧ್ಯಕ್ಷರೂ ಆದ್ರು. ಬುದ್ಧಿ ಅಪಾರ, ಆದ್ರೆ ಜನರನ್ನ ನಂಬೋಕೆ ಬರ್ತಿರ್ಲಿಲ್ಲ, ಜನಕ್ಕೂ ಅವ್ರನ್ನ ನಂಬೋಕೆ ಕಷ್ಟ ಆಗ್ತಿತ್ತು. ಮೂರನೇವ್ರು ರಾಬರ್ಟ್ ಮೆಂಜೀಸ್, ಜಾನ್ ಬಾನಿ ಮಾಡಿರೋದು, ಲಿಬರಲ್ ಪಕ್ಷ ಕಟ್ಟಿದೋರು. ಮಾತಿನ ಮಲ್ಲ. ಇವರ ಜೊತೆಗೆ ಆರ್ಥರ್ ಕಾಲ್ವೆಲ್ ಹೆಸರೂ ನೆನಪಿಟ್ಕೊಳ್ಳಿ, ಕೆಳಗೆ ಬರುತ್ತೆ.

ನೋಡೋವಾಗ ಕಂತಿನ ಲೆಕ್ಕ ಬಿಟ್ಟು ಘಟನೆ ಲೆಕ್ಕದಲ್ಲಿ ನಿಲ್ಲಿಸಿ ಅನ್ನೋದು ನನ್ನ ಸಲಹೆ. 1949ರ ಡಿಸೆಂಬರ್ 10ರ ಎಲೆಕ್ಷನ್ ಮುಗಿದಾಗ ಒಂದು ಸಲ ನಿಲ್ಲಿಸಿ, 1951ರ ಜೂನಲ್ಲಿ ಚಿಫ್ಲಿ ತೀರ್ಕೊಂಡಾಗ ಇನ್ನೊಂದು ಸಲ. ಎಲ್ಲಾ ಒಂದೇ ವೀಕೆಂಡಲ್ಲಿ ಮುಗಿಸೋಕೆ ಹೋಗ್ಬೇಡಿ, ಈ ಮೂರು ಭಾಗದ ಮೂಡೇ ಬೇರೆ ಬೇರೆ.

ಮೊದಲ ಭಾಗದಲ್ಲಿ ಎರಡು ವಿಷ್ಯ. 1947ರ ಆಗಸ್ಟಲ್ಲಿ ಚಿಫ್ಲಿ ಖಾಸಗಿ ಬ್ಯಾಂಕ್‌ಗಳನ್ನೆಲ್ಲ ರಾಷ್ಟ್ರೀಕರಣ ಮಾಡ್ತೀವಿ ಅಂತ ಘೋಷಣೆ ಮಾಡಿದ್ರು, ಕಾನೂನೂ ಬಂತು, ಮಾರನೇ ವರ್ಷ ಹೈಕೋರ್ಟ್ ಹೊಡೆದುಹಾಕ್ತು, ಅದಕ್ಕೂ ಮೇಲಿನ ಅಪೀಲು ಕೇಳ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಲ್ಲೂ ಸೋತ್ರು. ಬ್ಯಾಂಕ್ ನೌಕರರು ಊರೂರು ತಿರುಗಿ ವಿರೋಧ ಪ್ರಚಾರ ಮಾಡಿದ್ರು. ಇದು ಗೊತ್ತಿದ್ರೆ ಸಾಕು.

ಎರಡನೇದು 1949ರ ಕಲ್ಲಿದ್ದಲು ಸ್ಟ್ರೈಕ್, ಇಡೀ ಸೀರೀಸಲ್ಲಿ ನನಗೆ ಅತೀ ಮುಖ್ಯ ಅನ್ಸೋದು ಇದೇ. ಜೂನ್ 27ಕ್ಕೆ ಶುರುವಾಯ್ತು, ಏಳು ವಾರ ನಡೀತು, ಸುಮಾರು 23,000 ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ರು, ವಾರಕ್ಕೆ 35 ಗಂಟೆ ಕೆಲಸ, ದೀರ್ಘ ಸೇವೆಗೆ ರಜೆ, ಕೂಲಿ ಹೆಚ್ಚಳ ಇವೆಲ್ಲ ಬೇಡಿಕೆ. ಅಲ್ಲಿ ಅದು ಚಳಿಗಾಲ, ಕರೆಂಟಿಲ್ಲ, ಗ್ಯಾಸಿಲ್ಲ, ಕಾರ್ಖಾನೆ ಬಂದ್, ಲಕ್ಷಾಂತರ ಜನಕ್ಕೆ ಕೆಲಸ ಇಲ್ಲ. ಚಿಫ್ಲಿ ಸರ್ಕಾರ ತುರ್ತು ಕಾನೂನು ತಂದು ಯೂನಿಯನ್ ಖಾತೆಗಳ ದುಡ್ಡು ತಡೆ ಹಿಡೀತು, ಮುಖಂಡರು ಜೈಲಿಗೆ ಹೋದ್ರು, ಆಗಸ್ಟಲ್ಲಿ ಗಣಿಗಳಿಗೆ ಸೈನ್ಯನೇ ಕಳಿಸಿದ್ರು, ಸೈನಿಕರೇ ಕಲ್ಲಿದ್ದಲು ತೆಗೆದ್ರು. ಶಾಂತಿ ಕಾಲದಲ್ಲಿ ಸ್ಟ್ರೈಕ್ ಮುರಿಯೋಕೆ ಸೈನ್ಯ ಬಳಸಿದ್ದು ಕಾರ್ಮಿಕರದ್ದೇ ಸರ್ಕಾರ, ಮಾಡಿಸಿದೋರು ಸ್ಟ್ರೈಕಿಗೆ ಕೆಲಸ ಕಳ್ಕೊಂಡಿದ್ದ ರೈಲ್ವೆ ಡ್ರೈವರ್. ಈ ಭಾಗ ಬಂದಾಗ ಯಾರ ಪಕ್ಷನೂ ಬೇಗ ವಹಿಸ್ಬೇಡಿ. ಕಮ್ಯುನಿಸ್ಟ್ ಮುಖಂಡರು ಲೇಬರ್ ಸರ್ಕಾರನ ಬೀಳಿಸೋಕೇ ಹೊರಟಿದ್ರು ಅಂತ ಚಿಫ್ಲಿ ನಂಬಿದ್ರು, ಗಣಿಯಲ್ಲಿ ದುಡಿಯೋನಿಗೆ ಬೇಕಿದ್ದಿದ್ದು ರಜೆ ಮತ್ತೆ ಕೂಲಿ, ಎರಡೂ ನಿಜ ಇರಬಹುದು. ಅದೇ ವರ್ಷ ಮಾರ್ಚಲ್ಲಿ ಗುಪ್ತಚರ ಸಂಸ್ಥೆ ಏಸಿಯೋ ಶುರು ಮಾಡಿದ್ದೂ ಚಿಫ್ಲಿನೇ ಅನ್ನೋದನ್ನೂ ಜೊತೆಗೆ ಇಟ್ಕೊಳ್ಳಿ, ಮುಂದೆ ಬರೋ ಸೋವಿಯತ್ ಗೂಢಚಾರ ಪೆಟ್ರೋವ್ ಕಥೆಗೆ ಬೇಕಾಗುತ್ತೆ. ಡಿಸೆಂಬರಲ್ಲಿ ಪೆಟ್ರೋಲ್ ರೇಷನ್, ಬ್ಯಾಂಕ್, ಸ್ಟ್ರೈಕ್ ಎಲ್ಲಾ ಸೇರಿ ಲೇಬರ್ ಸೋತ್ತು, ಮೆಂಜೀಸ್ ಬಂದ್ರು.

ಎರಡನೇ ಭಾಗ ಕಮ್ಯುನಿಸ್ಟ್ ಪಕ್ಷದ ನಿಷೇಧದ್ದು. 1950ರಲ್ಲಿ ಮೆಂಜೀಸ್ ತಂದ ಮಸೂದೆಲಿ ಸರ್ಕಾರ ಯಾರನ್ನ ಬೇಕಾದ್ರೂ ಕಮ್ಯುನಿಸ್ಟ್ ಅಂತ ಘೋಷಿಸಬಹುದಿತ್ತು, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಆ ಮನುಷ್ಯನದ್ದೇ. ನಮ್ಮ ರಾಜ್ಯಸಭೆಯಂಥ ಮೇಲ್ಮನೆ ಸೆನೆಟಲ್ಲಿ ಲೇಬರ್‌ಗೆ ಬಹುಮತ ಇತ್ತು, ತಡೀಬಹುದಿತ್ತು, ಆದ್ರೆ ಪಕ್ಷದ ಫೆಡರಲ್ ಎಕ್ಸಿಕ್ಯುಟಿವ್, ಅಂದ್ರೆ ದೇಶ ಮಟ್ಟದ ಕಾರ್ಯಕಾರಿ ಸಮಿತಿ, ಬಿಟ್ಟುಬಿಡಿ ಅಂತ ಆದೇಶ ಮಾಡ್ತು, ಚಿಫ್ಲಿ ಮನಸ್ಸಿಲ್ಲದೆ ಒಪ್ಪಬೇಕಾಯ್ತು. ನಾನು ಮೇಲೆ ಹೇಳಿದ ಯೂನಿಯನ್, ಸಮ್ಮೇಳನ, ಸಮಿತಿ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುತ್ತೆ. ಎವಟ್ ಮಾತ್ರ ಲಾಯರ್ ಗೌನು ಹಾಕ್ಕೊಂಡು ಬಂದರು ಕಾರ್ಮಿಕರ ಯೂನಿಯನ್ ಪರವಾಗಿ ಹೈಕೋರ್ಟಿಗೆ ಹೋದ್ರು, 1951ರ ಮಾರ್ಚ್ 9ಕ್ಕೆ ಆರು ಜನ ಜಡ್ಜ್‌ಗಳು ಒಂದು ಕಡೆ ಒಬ್ರು ಇನ್ನೊಂದು ಕಡೆ ಆಗಿ ಕಾನೂನು ಬಿದ್ದುಹೋಯ್ತು. ಆಮೇಲೆ ಚಿಫ್ಲಿ ಸಾವು. ಜೂನ್ 13ರ ರಾತ್ರಿ, ಪಾರ್ಲಿಮೆಂಟ್ ಭವನದಲ್ಲಿ ಫೆಡರೇಷನ್ನಿನ, ಅಂದ್ರೆ ರಾಜ್ಯಗಳೆಲ್ಲ ಸೇರಿ ಒಂದು ದೇಶ ಆದ, ಐವತ್ತನೇ ವರ್ಷದ ಔತಣ, ನೃತ್ಯ ನಡೀತಿದೆ, ಚಿಫ್ಲಿ ಹೋಗದೆ ಹೋಟೆಲ್ ರೂಮಲ್ಲೇ ಉಳಿದಿದ್ರು, ಅಲ್ಲೇ ಹಾರ್ಟ್ ಅಟ್ಯಾಕ್, ಸುದ್ದಿ ಹೇಳಿ ನೃತ್ಯ ನಿಲ್ಲಿಸಿದ್ದು ಎದುರಾಳಿ ಮೆಂಜೀಸ್.

ಎವಟ್ ನಾಯಕರಾದ್ರು. ಮೆಂಜೀಸ್ ನಿಷೇಧಕ್ಕಾಗಿ ಸಂವಿಧಾನನೇ ತಿದ್ದೋಣ ಅಂತ ಜನಮತಗಣನೆಗೆ ಹೋದ್ರು, 1951ರ ಸೆಪ್ಟೆಂಬರ್ 22. ಶುರುವಲ್ಲಿ ಜನ ನಿಷೇಧದ ಪರವೇ ಇದ್ರು, ಎವಟ್ ತಮ್ಮ ಪಕ್ಷದೋರಲ್ಲೇ ಎಷ್ಟೋ ಜನ ಮುಖ ಸಿಂಡರಿಸ್ತಿದ್ರೂ ದೇಶ ಪೂರ್ತಿ ಓಡಾಡಿ ‘ನೋ’ ಅನ್ನಿ ಅಂತ ಕೇಳ್ಕೊಂಡ್ರು, ಕೊನೆಗೆ ‘ಯೆಸ್’ಗೆ ಬಿದ್ದಿದ್ದು ಶೇ. 49.44, ಆರು ರಾಜ್ಯದಲ್ಲಿ ಮೂರೇ ಗೆದ್ದಿದ್ದು. ಎವಟ್ ಮುಂದೆ ಮಾಡಿದ್ದೆಲ್ಲ ನೋಡಿ ನಿಮಗೆ ಕೋಪ ಬಂದಾಗ ಈ ಒಂದು ಕೆಲಸ ಮರೀಬೇಡಿ, ಅದು ಸಣ್ಣದಲ್ಲ.

ಮೂರನೇ ಭಾಗದಲ್ಲಿ ತಾರೀಖುಗಳನ್ನ ಒಂದು ಚೀಟಿಲಿ ಬರ್ಕೊಂಡು ಕೂರಿ, ತುಂಬಾ ಬೇಗ ಓಡುತ್ತೆ. 1954ರ ಏಪ್ರಿಲ್ 3ಕ್ಕೆ ಸೋವಿಯತ್ ರಾಯಭಾರ ಕಚೇರಿಲಿದ್ದ ಗೂಢಚಾರ ವ್ಲಾಡಿಮಿರ್ ಪೆಟ್ರೋವ್ ದಾಖಲೆಗಳ ಸಮೇತ ಆಸ್ಟ್ರೇಲಿಯಾದ ಆಶ್ರಯಕ್ಕೆ ಬಂದ, ಏಪ್ರಿಲ್ 13ಕ್ಕೆ ಮೆಂಜೀಸ್ ಪಾರ್ಲಿಮೆಂಟಲ್ಲಿ ಹೇಳಿದ್ರು, ಅವತ್ತು ಎವಟ್ ಹಳೇ ಸ್ಕೂಲಿನ ಕಾರ್ಯಕ್ರಮಕ್ಕೆ ಅಂತ ಸಿಡ್ನಿಗೆ ಹೋಗಿದ್ರು. ಪೆಟ್ರೋವ್ ಹೆಂಡ್ತಿ ಎವ್ಡೋಕಿಯಾನ ಇಬ್ಬರು ಸೋವಿಯತ್ ಗಾರ್ಡ್‌ಗಳು ಸಿಡ್ನಿ ಏರ್‌ಪೋರ್ಟಲ್ಲಿ ಎಳ್ಕೊಂಡು ಹೋಗ್ತಿರೋ ಫೋಟೋ ಇವತ್ತಿಗೂ ಅಲ್ಲಿನೋರಿಗೆಲ್ಲ ಗೊತ್ತು, ಆಕೆ ಒಂದು ಕಾಲಿನ ಶೂ ಕಳ್ಕೊಂಡಿದ್ರು, ಡಾರ್ವಿನಲ್ಲಿ ವಿಮಾನ ನಿಂತಾಗ ಆಕೆನೂ ಅಲ್ಲೇ ಉಳ್ಕೊಂಡ್ರು. ಮೇ 29ಕ್ಕೆ ಎಲೆಕ್ಷನ್, ವೋಟು ಲೇಬರ್‌ಗೆ ಜಾಸ್ತಿ, ಸೀಟು ಮೆಂಜೀಸ್‌ಗೆ ಜಾಸ್ತಿ. ತನ್ನನ್ನ ಸೋಲಿಸೋಕೇ ಇದೆಲ್ಲ ಹೂಡಿದ್ದು ಅಂತ ಎವಟ್ ಕೊನೇವರೆಗೂ ನಂಬಿದ್ರು. ಆಮೇಲೆ ಹೊರಬಂದ ದಾಖಲೆಗಳಲ್ಲಿ ಹಾಗೆ ಹೂಡಿದ್ದಕ್ಕೆ ಆಧಾರ ಸಿಕ್ಕಿಲ್ಲ, ಅದನ್ನ ತಿಳ್ಕೊಂಡು ನೋಡಿದ್ರೆ ಎವಟ್ ಪಾತ್ರ ಇನ್ನೂ ಜಾಸ್ತಿ ಸಂಕಟ ಕೊಡುತ್ತೆ. ಅಕ್ಟೋಬರ್ 5ಕ್ಕೆ ಎವಟ್ ಪಕ್ಷದೊಳಗಿನ ಮೂವ್‌ಮೆಂಟ್ ಜನರ ವಿರುದ್ಧ ಬಹಿರಂಗ ಹೇಳಿಕೆ ಕೊಟ್ರು, 1955ರ ಮಾರ್ಚಲ್ಲಿ ಹೋಬಾರ್ಟ್ ಊರಲ್ಲಿ ಪಕ್ಷದ ಫೆಡರಲ್ ಸಮ್ಮೇಳನ, ಏಪ್ರಿಲಲ್ಲಿ ವಿಕ್ಟೋರಿಯಾದ ಏಳು ಎಂಪಿಗಳು ಪಕ್ಷದಿಂದ ಹೊರಗೆ. ಅದೇ ವರ್ಷ ಅಕ್ಟೋಬರಲ್ಲಿ ಎವಟ್ ಪಾರ್ಲಿಮೆಂಟಲ್ಲಿ ನಿಂತು, ಪೆಟ್ರೋವ್ ತಂದ ದಾಖಲೆ ನಿಜವೋ ಸುಳ್ಳೋ ಅಂತ ನಾನು ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್‌ಗೇ ಪತ್ರ ಬರ್ದೆ ಅಂದ್ರು, ಎದುರು ಕಡೆಯೋರು ಬಿದ್ದು ಬಿದ್ದು ನಕ್ರು.

ಏಳು ಜನ ಹೋದ್ರೆ ಒಂದು ಪಕ್ಷಕ್ಕೆ ಅಷ್ಟು ಏಟು ಬೀಳುತ್ತಾ ಅಂತ ಅನ್ಸಬಹುದು. ಅದಕ್ಕೆ ಅಲ್ಲಿನ ಓಟಿನ ಪದ್ಧತಿ ಗೊತ್ತಿರಬೇಕು. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ 1, 2, 3 ಅಂತ ಪ್ರಾಶಸ್ತ್ಯ ಬರೀತೀವಲ್ಲ, ಹೆಚ್ಚುಕಮ್ಮಿ ಹಾಗೇ ಅಲ್ಲಿ ಲೋಕಸಭೆಯಂಥ ಸಭೆಗೂ ಬರೀಬೇಕು. ಹೊರಗೆ ಹೋದೋರು ಕಟ್ಟಿದ ಪಕ್ಷ ಆಮೇಲೆ ಡಿಎಲ್‌ಪಿ (ಡೆಮಾಕ್ರಟಿಕ್ ಲೇಬರ್ ಪಾರ್ಟಿ) ಆಯ್ತು, ಅವ್ರ ಬೆಂಬಲಿಗರು 1 ತಮಗೆ ಹಾಕಿ ಮುಂದಿನ ಪ್ರಾಶಸ್ತ್ಯ ಲಿಬರಲ್‌ಗೆ ಕೊಟ್ರು, ತಾವು ಗೆಲ್ಲದೇ ಇದ್ರೂ ಲೇಬರ್ ಗೆಲ್ಲದ ಹಾಗೆ ನೋಡ್ಕೊಂಡ್ರು. 1949ರಲ್ಲಿ ಹೋದ ಅಧಿಕಾರ ಮತ್ತೆ ಸಿಕ್ಕಿದ್ದು 1972ರ ಡಿಸೆಂಬರಲ್ಲಿ, ಗಾಫ್ ವಿಟ್ಲಮ್ ಪ್ರಧಾನಿ ಆದ ಕಾಲಕ್ಕೆ.

ಸೀರೀಸ್ ಲೇಬರ್ ಕಡೆ ವಾಲಿದೆ, ಹೆಸರೇ ಹೇಳುತ್ತೆ, ಎಲ್ಲಿಸ್ ಲೇಬರ್ ನಾಯಕರಿಗೆ ಭಾಷಣ ಬರೆದುಕೊಟ್ಟೋರು. 1993ರಲ್ಲಿ ಎಲೆಕ್ಷನ್ ಗೆದ್ದ ರಾತ್ರಿ ಪ್ರಧಾನಿ ಪಾಲ್ ಕೀಟಿಂಗ್ ಇದು ಟ್ರೂ ಬಿಲೀವರ್ಸ್ ಗೆಲುವು ಅಂದಿದ್ದು ಆ ದೇಶದಲ್ಲಿ ಎಲ್ಲರಿಗೂ ನೆನಪಿದೆ. ಒಲವಿರೋದು ತಪ್ಪಲ್ಲ, ಆದ್ರೆ ನಮ್ಮಂಥೋರು ನೋಡೋವಾಗ ಒಂದು ವಿಷ್ಯ ಕೈಬಿಡಬಾರದು. ಕಾಲ್ವೆಲ್ ಚಿಫ್ಲಿ ಸರ್ಕಾರದ ವಲಸೆ ಸಚಿವರು, ಯುರೋಪಿನಿಂದ ಲಕ್ಷಾಂತರ ಜನರನ್ನ ಕರೆಸ್ಕೊಂಡೋರು, ಯುದ್ಧಕಾಲದಲ್ಲಿ ಆಶ್ರಯ ಪಡೆದಿದ್ದ ಏಷ್ಯಾದೋರನ್ನ ವಾಪಸ್ ಕಳಿಸೋಕೆ ಕಾನೂನು ಮಾಡಿದೋರೂ ಅವ್ರೇ. ಬಿಳಿಯರ ಆಸ್ಟ್ರೇಲಿಯಾ ಅನ್ನೋ ನೀತಿ 1965ರವರೆಗೂ ಲೇಬರ್ ಪಕ್ಷದ ಕಾರ್ಯಕ್ರಮದಲ್ಲೇ ಇತ್ತು, ಸರ್ಕಾರ ಪೂರ್ತಿ ಕೈಬಿಟ್ಟಿದ್ದು 1973ರಲ್ಲಿ. ಇವತ್ತು ಮೆಲ್ಬರ್ನ್, ಸಿಡ್ನಿಲಿ ರಾಜ್ಯೋತ್ಸವ ಮಾಡೋ ನಮ್ಮೋರು ಹೆಚ್ಚಾಗಿ ಅಲ್ಲಿ ನೆಲೆಸಿದ್ದು ಅದಾದ ಮೇಲೇ. ಅದೇ ವೇಳೆ 1945ರಲ್ಲಿ ಇಂಡೋನೇಷ್ಯಾದ ಸ್ವಾತಂತ್ರ್ಯ ಹತ್ತಿಕ್ಕೋಕೆ ಹೊರಟ ಡಚ್ ಹಡಗುಗಳಿಗೆ ಸಿಡ್ನಿ ಬಂದರು ಕಾರ್ಮಿಕರು ಸಾಮಾನು ತುಂಬಲ್ಲ ಅಂದಾಗ ಭಾರತೀಯ ನಾವಿಕರೂ ಅವ್ರ ಜೊತೆ ನಿಂತ್ರು. ಎರಡನ್ನೂ ಒಟ್ಟಿಗೇ ನೋಡ್ಬೇಕು.

ಸೀರೀಸಲ್ಲಿ ಹೇಳಿದ್ದು ನಿಜನಾ ಅಂತ ನೋಡೋಕೆ ದುಡ್ಡು ಖರ್ಚಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ನಲ್ಲಿ ಆ ಕಾಲದ ಪೇಪರ್‌ಗಳು ಫ್ರೀಯಾಗಿ ಸಿಗ್ತವೆ, ಹೆಸರು ಹಾಕಿ ಹುಡುಕೋ ಬದಲು ತಾರೀಖು ಹಾಕಿ, ಮಾರನೇ ದಿನದ ಪೇಪರ್ ತೆಗೀರಿ, ಸಿಡ್ನಿದೊಂದು ಮೆಲ್ಬರ್ನ್‌ದೊಂದು ಓದಿ, ಜೊತೆಗೆ ಗಣಿ ಊರಿನ ಸಣ್ಣ ಪೇಪರ್ ಸಿಕ್ಕಿದ್ರೆ ಬಿಡಬೇಡಿ. ಪಾರ್ಲಿಮೆಂಟ್ ಚರ್ಚೆಗೆ ಅಲ್ಲಿನ ಮಾತನ್ನೆಲ್ಲ ಬರೆದಿಡೋ ಅಧಿಕೃತ ದಾಖಲೆ ಹ್ಯಾನ್ಸರ್ಡ್ ಇದೆ, ಮೊಲೊಟೊವ್ ಪತ್ರದ ಭಾಷಣ ಅಲ್ಲೇ ಓದಬಹುದು. ಆಸ್ಟ್ರೇಲಿಯಾದಲ್ಲಿ ಇರೋರು ಡಿಸ್ಕಿಗೆ ನಿಮ್ಮ ಏರಿಯಾ ಲೈಬ್ರರಿಲಿ ಕೇಳಿ, ಅವ್ರ ಹತ್ರ ಇಲ್ದೆ ಇದ್ರೆ ಬೇರೆ ಲೈಬ್ರರಿಯಿಂದ ತರಿಸ್ಕೊಡಕ್ಕಾಗುತ್ತಾ ಅಂತಾನೂ ಕೇಳಿ. ಕ್ಯಾನ್‌ಬೆರಾದ ಹಳೇ ಪಾರ್ಲಿಮೆಂಟ್ ಈಗ ಮ್ಯೂಸಿಯಂ, ಬಾಥರ್ಸ್ಟಲ್ಲಿ ಚಿಫ್ಲಿ ಮನೆನೂ ಮ್ಯೂಸಿಯಂ. ಆ ಕ್ಯಾನ್‌ಬೆರಾ ಮ್ಯೂಸಿಯಂನೋರು ಹಳೇ ಎಲೆಕ್ಷನ್ ಭಾಷಣಗಳನ್ನ ಆನ್‌ಲೈನಲ್ಲಿ ಹಾಕಿದ್ದಾರೆ, 1949ರದ್ದು ಚಿಫ್ಲಿದು ಮೊದಲು ಮೆಂಜೀಸ್‌ದು ಆಮೇಲೆ ಓದಿ, ಓದಿದ ಮೇಲೆ ಸ್ಟ್ರೈಕಿನ ಕಂತು ಇನ್ನೊಂದು ಸಲ ಹಾಕ್ಕೊಳ್ಳಿ.