ಫೋನ್ ರಿಂಗಾದ ಮೇಲೆ ಸಾವರಿಸಿಕೊಳ್ಳಲು ಎಷ್ಟು ನಿಮಿಷ?

ರಾತ್ರಿ ಎರಡು ಗಂಟೆಗೆ ಫೋನ್ ರಿಂಗಾಗುತ್ತದೆ. ನಾನು ಕಣ್ಣು ಬಿಡುವ ಮೊದಲೇ ಎದೆ ಓಡಲು ಶುರು ಮಾಡಿರುತ್ತದೆ. ಯಾರ ಫೋನು, ಏನು ಸಮಾಚಾರ, ಒಂದೂ ಗೊತ್ತಿಲ್ಲ. ಆದರೂ ಅಂಗೈ ಒದ್ದೆ, ಬಾಯಿ ಒಣಗಿದೆ, ಹೊಟ್ಟೆಯೊಳಗೆ ಯಾರೋ ಕಿವುಚಿದ ಹಾಗೆ. ಕಂಪ್ಯೂಟರ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಆನ್‌ಕಾಲ್ ಪಾಳಿ ಇದ್ದ ವಾರ ಯಾವ ಹೊತ್ತಿನಲ್ಲಾದರೂ ಕರೆ ಬರಬಹುದು. ನಾಲ್ಕು ವರ್ಷ ಹೀಗೇ ನಡೆಯಿತು. ಐದನೇ ವರ್ಷ ಒಂದು ದಿನ ಲಿಫ್ಟ್‌ನಲ್ಲಿ ಪಕ್ಕದವರ ಫೋನ್ ಅದೇ ರಿಂಗ್‌ಟೋನ್‌ನಲ್ಲಿ ಹೊಡೆದುಕೊಂಡಿತು. ನನ್ನ ಮಂಡಿ ನಡುಗಿತು. ಹಾಡಹಗಲು, ಅದೂ ರಜೆ ದಿನ. ಇದನ್ನು ಇನ್ನು ಸುಮ್ನೆ ಬಿಟ್ಟರೆ ಆಗಲ್ಲ ಅನ್ನಿಸಿತು.

ಮೊದಲು ಡಾಕ್ಟರ್ ಹತ್ತಿರ ಹೋದೆ. ಈ ಹಂತವನ್ನು ಯಾರೂ ಹಾರಿಸಬೇಡಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೂ, ರಕ್ತ ಕಡಿಮೆ ಇದ್ದರೂ, ಹೃದಯದ ಲಯ ತಪ್ಪಿದ್ದರೂ ಎದೆ ಹೀಗೇ ಹೊಡೆದುಕೊಳ್ಳಬಹುದು. ನನ್ನ ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. "ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ" ಅಂದರು. ತಲೆ ಸರಿಯಾಗಿಯೇ ಇತ್ತಲ್ಲ, ಕೆಟ್ಟಿದ್ದು ಎದೆ.

ಆಮೇಲೆ ನಾನು ಮಾಡಿದ ಮೊದಲ ಜಾಣತನ ರಿಂಗ್‌ಟೋನ್ ಬದಲಾಯಿಸಿದ್ದು. ಒಂದು ಮೆತ್ತನೆಯ ಕೊಳಲಿನ ದನಿ ಹಾಕಿಕೊಂಡೆ. ಎರಡು ವಾರ ಆರಾಮ. ಮೂರನೇ ವಾರಕ್ಕೆ ಕೊಳಲು ಕೇಳಿದರೂ ಅಂಗೈ ಬೆವರಲು ಶುರುವಾಯಿತು. ಗಂಟೆ, ಕೊಳಲು, ದೀಪ, ಏನೇ ಇರಲಿ, ಕೆಟ್ಟದ್ದಕ್ಕೆ ಮುಂಚೆ ಬರುವ ಗುರುತನ್ನು ನರಮಂಡಲ ಬೇಗ ಕಲಿಯುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗದ ನಾಯಿಗಳು ಊಟದ ಗುರುತಿಗೆ ಜೊಲ್ಲು ಸುರಿಸಿದವು, ನಾನು ಕೊಳಲಿಗೆ ಬೆವರು ಸುರಿಸಿದೆ. ಅಷ್ಟೇ ವ್ಯತ್ಯಾಸ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು, ಅದರಲ್ಲಿ ಒಂದು ವರ್ಷವೇ ಕಳೆದೆ. ಮನಸ್ಸಿಗೆ ಬುದ್ಧಿ ಹೇಳುತ್ತಾ ಕೂತೆ. 'ಸರ್ವರ್ ಬಿದ್ದರೆ ಯಾರೂ ಸಾಯಲ್ಲ, ಇದು ಬರೀ ಕೆಲಸ' ಅಂತ. ಮಾತು ನೂರಕ್ಕೆ ನೂರು ಸರಿ. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದ ಭಾಗಕ್ಕೆ ಭಾಷೆಯೇ ಬರಲ್ಲ. ಹೃದಯ, ಕರುಳು, ಬೆವರು, ಕಣ್ಣಿನ ಪಾಪೆ ಇವನ್ನೆಲ್ಲ ನಡೆಸುವುದು ಸ್ವಯಂಚಾಲಿತ ನರಮಂಡಲ. ಅದರಲ್ಲಿ ಎರಡು ಕೈ. ಸಿಂಪಥೆಟಿಕ್ ಅನ್ನುವುದು ಎಬ್ಬಿಸುವ ಕೈ, ಪ್ಯಾರಾಸಿಂಪಥೆಟಿಕ್ ಅನ್ನುವುದು ತಣಿಸುವ ಕೈ. ಎಬ್ಬಿಸುವ ಕೈ ಅಡ್ರಿನಲಿನ್ ಅನ್ನುವ ಹಾರ್ಮೋನ್ ಸುರಿಸಿ ಮೈಯನ್ನು ಹೊಡೆದಾಟಕ್ಕೋ ಓಟಕ್ಕೋ ತಯಾರು ಮಾಡುತ್ತದೆ ಅಂತ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಬರೆದಿದ್ದರು. ನಾನು ಹೊಡೆದಾಡಲೂ ಇಲ್ಲ, ಓಡಲೂ ಇಲ್ಲ. ಹಾಸಿಗೆ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ, ತೊಡೆಯಲ್ಲಿ ಓಟಕ್ಕೆ ತಯಾರಾದ ರಕ್ತ ಹಾಗೇ ಕಾಯುತ್ತಾ ಇತ್ತು.

ದಾರಿ ಸಿಕ್ಕಿದ್ದು ಒಂದು ಚಿಕ್ಕ ನೋಟ್‌ಬುಕ್‌ನಿಂದ. ಅಷ್ಟು ದಿನ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ 'ನಾನು ಬೆಚ್ಚಿ ಬೀಳದ ಹಾಗೆ ಆಗೋದು ಯಾವಾಗ?' ಅಂತ. ಆ ಪ್ರಶ್ನೆಯೇ ತಪ್ಪು. ನಿದ್ದೆಯಲ್ಲಿ ಜೋರು ಸದ್ದು ಕೇಳಿದರೆ ಬೆಚ್ಚಿ ಬೀಳುವುದು ಮೈ ಸರಿಯಾಗಿರುವ ಲಕ್ಷಣ, ಅಲ್ವಾ? ಹಾಗಾಗಿ ಬೆಚ್ಚುವುದನ್ನು ಅಳೆಯುವುದು ಬಿಟ್ಟೆ. ಸಾವರಿಸಿಕೊಳ್ಳುವುದನ್ನು ಅಳೆಯಲು ಶುರು ಮಾಡಿದೆ. ಕರೆ ಬಂದ ಕೂಡಲೇ ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು. ಕೆಲಸ ಮುಗಿದ ಮೇಲೆ ಐದೈದು ನಿಮಿಷಕ್ಕೊಮ್ಮೆ ಮತ್ತೆ ಎಣಿಸುವುದು, 75ಕ್ಕಿಂತ ಕೆಳಗೆ ಬರುವ ತನಕ. ಸ್ಮಾರ್ಟ್‌ವಾಚ್ ಕಟ್ಟಿಕೊಂಡು ನೋಡಿದೆ, ನನಗೆ ಸರಿಬರಲಿಲ್ಲ. ಅಂಕಿ ನೋಡಿದರೇ ಗಾಬರಿ ಜಾಸ್ತಿ ಆಗುತ್ತಿತ್ತು. ಬೆರಳಿಟ್ಟು ಎಣಿಸುವಾಗ ಹಾಗಾಗಲ್ಲ, ಎಣಿಕೆಯೇ ಒಂದು ಕೆಲಸ.

ಮೊದಲ ತಿಂಗಳ ಲೆಕ್ಕ ನೋಡಿ ನನಗೇ ಆಶ್ಚರ್ಯ. ಏರುವುದು ಹೆಚ್ಚುಕಡಿಮೆ ಪ್ರತಿ ಸಲ ಒಂದೇ ಥರ, 110ರ ಆಸುಪಾಸು. ಇಳಿಯುವುದಕ್ಕೆ ಮಾತ್ರ ಒಂದು ದಿನ 35 ನಿಮಿಷ, ಇನ್ನೊಂದು ದಿನ ಒಂದೂವರೆ ಗಂಟೆ. ಹತ್ತೇ ನಿಮಿಷದಲ್ಲಿ ಮುಗಿದ ಕರೆಗೂ ಮುಕ್ಕಾಲು ಗಂಟೆ ಹಿಡಿದಿದೆ. ಇದಕ್ಕೆ ಒಂದು ಕಾರಣ ಆಮೇಲೆ ಗೊತ್ತಾಯಿತು. ಅಡ್ರಿನಲಿನ್ ಸೆಕೆಂಡುಗಳಲ್ಲಿ ಬಂದು ನಿಮಿಷಗಳಲ್ಲಿ ಕರಗುತ್ತದೆ. ಅದರ ಹಿಂದೆ ಇನ್ನೊಂದು ನಿಧಾನದ ಸಾಲು ಇದೆ: ಮಿದುಳಿನೊಳಗಿನ ಹೈಪೋಥಲಾಮಸ್ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳಿ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳಿ, ಅಲ್ಲಿಂದ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನ್ ಬರಬೇಕು. ಅದು ತುದಿ ಮುಟ್ಟುವುದು ಒತ್ತಡ ಶುರುವಾದ 20-30 ನಿಮಿಷದ ಮೇಲೆ. ಅಂದರೆ ನಾನು ಲ್ಯಾಪ್‌ಟಾಪ್ ಮುಚ್ಚಿ, 'ಅಬ್ಬ, ಮುಗೀತು' ಅಂತ ಮಲಗುವ ಹೊತ್ತಿಗೆ ಅದು ಏರುತ್ತಾ ಇರುತ್ತಿತ್ತು. ನಿದ್ದೆ ಬರುತ್ತಿಲ್ಲ ಅಂತ ನನ್ನನ್ನೇ ಬೈದುಕೊಳ್ಳುವುದು ಬಿಟ್ಟಿದ್ದೇ ಅವತ್ತಿನಿಂದ. ಅದೊಂದು ಬಿಟ್ಟಿದ್ದಕ್ಕೇ ಹತ್ತು ನಿಮಿಷ ಕಡಿಮೆಯಾಯಿತು!

ಈಗ ಉಸಿರಿನ ವಿಷಯ. 'ದೀರ್ಘವಾಗಿ ಉಸಿರಾಡಿ' ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಕಂಡರೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಗಾಬರಿಯಲ್ಲಿ ದೊಡ್ಡದಾಗಿ ಗಾಳಿ ಎಳೆದುಕೊಂಡರೆ ನನಗೆ ತಲೆ ಸುತ್ತುತ್ತಿತ್ತು. ತಪ್ಪು ನಡೆಯುತ್ತಿದ್ದದ್ದು ಎಳೆದುಕೊಳ್ಳುವುದರಲ್ಲಿ. ಬಿಡುವುದರಲ್ಲಿ ಇದೆ ಕೆಲಸ. ನೀವೇ ನೋಡಿ, ನಾಡಿ ಹಿಡಿದು ನಿಧಾನಕ್ಕೆ ಉಸಿರಾಡಿ. ಉಸಿರು ಒಳಗೆ ಹೋಗುವಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಹೃದಯಕ್ಕೆ ಬ್ರೇಕ್ ಹಾಕುವುದು ವೇಗಸ್ ನರ. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹತ್ತನೆಯದು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ನಮ್ಮ ನಾಡಿ 70 ಇರುವುದು ಈ ನರ ಬ್ರೇಕ್ ಮೇಲೆ ಕಾಲಿಟ್ಟಿರುವುದರಿಂದ. ಉಸಿರು ಎಳೆಯುವಾಗ ಕಾಲು ಸ್ವಲ್ಪ ಎತ್ತುತ್ತದೆ, ಬಿಡುವಾಗ ಮತ್ತೆ ಒತ್ತುತ್ತದೆ.

ಈ ನರದ ಗುಟ್ಟು ಕಂಡುಹಿಡಿದವರ ಕಥೆ ರಾತ್ರಿ ಎದ್ದು ಕೂರುವ ನನ್ನಂಥವರಿಗೆ ಬಹಳ ಪ್ರಿಯವಾದದ್ದು. ಓಟ್ಟೊ ಲೋವಿ ಅಂತ ವಿಜ್ಞಾನಿ. ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತಂತೆ, ಎದ್ದು ಗೀಚಿಟ್ಟು ಮಲಗಿದರು. ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮಾರನೇ ರಾತ್ರಿ ಮತ್ತೆ ಹೊಳೆದಾಗ ನೇರ ಪ್ರಯೋಗಾಲಯಕ್ಕೇ ಹೋದರು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಚುರುಕುಗೊಳಿಸಿ, ಆ ಹೃದಯ ಮುಳುಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಹಾಗೆ. ಪ್ರಕಟವಾಗಿದ್ದು 1921ರಲ್ಲಿ, ನೊಬೆಲ್ ಬಂದಿದ್ದು 1936ರಲ್ಲಿ. ನಾನು ಅದೇ ಹೊತ್ತಿಗೆ ಎದ್ದು ಮಾಡುವುದು ಸರ್ವರ್ ರೀಸ್ಟಾರ್ಟ್, ಇರಲಿ.

ನಾನು ಮಾಡಿದ್ದು ಇಷ್ಟು: ನಾಲ್ಕು ಎಣಿಸುವ ತನಕ ಒಳಗೆ, ಆರು ಎಣಿಸುವ ತನಕ ಹೊರಗೆ. ನಿಮಿಷಕ್ಕೆ ಆರು ಉಸಿರು. ಗಾಬರಿಯಾದಾಗ ಮಾಡಿದರೆ ಉಪಯೋಗ ಕಡಿಮೆ, ಇದು ನನ್ನ ಅನುಭವ. ದಿನಾ ಸಂಜೆ ಏನೂ ತೊಂದರೆ ಇಲ್ಲದಾಗ ಹತ್ತು ನಿಮಿಷ ಮಾಡಿ ರೂಢಿಯಾದ ಮೇಲೆಯೇ ರಾತ್ರಿ ಕೆಲಸಕ್ಕೆ ಬಂದಿದ್ದು. ತಣ್ಣೀರಲ್ಲಿ ಮುಖ ಅದ್ದುವುದೂ ಬಡಿತ ಇಳಿಸುತ್ತದೆ, ಆದರೆ ನಿದ್ದೆ ಪೂರ್ತಿ ಹಾರಿಹೋಗುತ್ತದೆ, ಹೃದಯದ ತೊಂದರೆ ಇದ್ದವರು ಮಾಡಲೂಬಾರದು. ವೇಗಸ್ ನರದ ಹೆಸರು ಹೇಳಿ ಇಂಟರ್‌ನೆಟ್‌ನಲ್ಲಿ ಎಣ್ಣೆ, ಸರ, ಯಂತ್ರ ಎಲ್ಲ ಮಾರುತ್ತಾರೆ. ನಾನು ಒಂದನ್ನೂ ಕೊಂಡಿಲ್ಲ.

ಉಸಿರಿಗಿಂತ ಜಾಸ್ತಿ ಫಲ ಕೊಟ್ಟಿದ್ದು ನಾನು ನಿರೀಕ್ಷಿಸಿರದ ಒಂದು ಬದಲಾವಣೆ. ನಮ್ಮ ಪಾಳಿ ಪಟ್ಟಿ ಮೇಲಿನಿಂದ ಬರುತ್ತಿತ್ತು. ಒಂದು ಸಲ ಧೈರ್ಯ ಮಾಡಿ, ಅಷ್ಟೇ ರಾತ್ರಿ ಮಾಡುತ್ತೇನೆ, ಯಾವ ರಾತ್ರಿ ಅಂತ ನಾನೇ ಆರಿಸಿಕೊಳ್ಳುತ್ತೇನೆ ಅಂತ ಕೇಳಿದೆ. ಒಪ್ಪಿದರು. ಕರೆಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಇಳಿಯುವ ಸಮಯ ಎರಡು ತಿಂಗಳಲ್ಲಿ ಅರ್ಧಕ್ಕೆ ಬಂತು. ಸ್ಟೀವನ್ ಮೇಯರ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಬರೆದಿದ್ದನ್ನು ಓದಿದಾಗ ಇದು ಸ್ವಲ್ಪ ಅರ್ಥವಾಯಿತು. ಅವರು 1967ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ (ಕ್ರೂರವಾದ ಪ್ರಯೋಗ, ನನಗೆ ಇಷ್ಟವಿಲ್ಲ), ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ಪ್ರಾಣಿ ಅಸಹಾಯಕತೆಯನ್ನು ಕಲಿಯುತ್ತದೆ ಅಂದಿದ್ದರು. ಸುಮಾರು ಐವತ್ತು ವರ್ಷ ಬಿಟ್ಟು, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನೇ ತಿರುಗಿಸಿದರು. ಕೈಚೆಲ್ಲಿ ಕೂರುವುದು ಕಲಿತದ್ದಲ್ಲ, ಅದು ದೀರ್ಘ ಕಷ್ಟಕ್ಕೆ ಮಿದುಳು ತಾನಾಗಿ ಕೊಡುವ ಉತ್ತರ. 'ಇದು ನನ್ನ ಹಿಡಿತದಲ್ಲಿದೆ' ಅನ್ನುವುದೇ ಕಲಿಯಬೇಕಾದದ್ದು. ಅದು ಕಲಿತರೆ ಹಣೆಯ ಹಿಂದಿನ ಮಿದುಳಿನ ಭಾಗ ಕೆಳಗಿನ ಗಾಬರಿಯನ್ನು ತಡೆಯುತ್ತದೆ ಅಂತ. ಮುದಿ ವಯಸ್ಸಿನಲ್ಲಿ ತಮ್ಮ ಹೆಸರು ತಂದ ಸಿದ್ಧಾಂತವನ್ನೇ ತಲೆಕೆಳಗು ಮಾಡಿದರಲ್ಲ, ಅದು ನನಗೆ ಹಿಡಿಸಿತು. ಆಮೇಲೆ ಹಾಸಿಗೆ ಪಕ್ಕ ಒಂದು ಚೀಟಿ ಅಂಟಿಸಿದೆ, ಕರೆ ಬಂದಾಗ ಮಾಡಬೇಕಾದ ಮೊದಲ ಮೂರು ಕೆಲಸ ಬರೆದು. ಲೈಟ್ ಹಾಕು, ನಿಂತುಕೋ, ಯಾವ ಅಲಾರಂ ಅಂತ ಜೋರಾಗಿ ಓದು. ಮಕ್ಕಳಾಟ ಅನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ ನನ್ನ ಬುದ್ಧಿ ಮಗುವಿನಷ್ಟೇ.

ಇನ್ನೊಂದು ವಿಷಯ ಹೇಳಲು ನಾಚಿಕೆ. ಇಳಿಯದೇ ಇದ್ದ ಆ ಮುಕ್ಕಾಲು ಗಂಟೆಯಲ್ಲಿ ನಾನು ಕಿರಿಯ ಸಹೋದ್ಯೋಗಿಗಳಿಗೆ ಏನೇನೋ ಮೆಸೇಜ್ ಕಳಿಸುತ್ತಿದ್ದೆ. 'ಇಷ್ಟೂ ಗೊತ್ತಾಗಲ್ವಾ?' ಅನ್ನುವ ಥರದ್ದು. ಒಬ್ಬರು ಒಂದು ದಿನ ಮೆಲ್ಲಗೆ ಅಂದರು: "ಸರ್, ಬೇಜಾರ್ ಮಾಡ್ಕೋಬೇಡಿ. ನೀವು ಕಾಲ್‌ಗೆ ಬಂದರೆ ಮೊದಲು ನಿಮ್ಮ ಉಸಿರು ಕೇಳುತ್ತೆ, ಆಗ ನಮಗೂ ಕೈ ನಡುಗುತ್ತೆ." ಎರಡು ದಿನ ಅದೇ ಮಾತು ಕಿವಿಯಲ್ಲಿತ್ತು. ಕ್ಷಮೆ ಕೇಳಿದೆ. ನಾಡಿ 85ಕ್ಕಿಂತ ಮೇಲಿದ್ದಾಗ ಕೆಲಸಕ್ಕೆ ಬೇಕಾದ್ದು ಬಿಟ್ಟು ಒಂದಕ್ಷರವೂ ಕಳಿಸುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಬರೆಯುತ್ತೇನೆ, ಕಳಿಸಲ್ಲ. ಬೆಳಿಗ್ಗೆ ಓದಿದರೆ ಹತ್ತರಲ್ಲಿ ಒಂಬತ್ತು ಅಳಿಸುವಂಥವೇ. ವ್ಯಕ್ತಿತ್ವ ವಿಕಸನ ಅಂತ ದೊಡ್ಡ ದೊಡ್ಡ ತರಗತಿ ನಡೆಸುತ್ತಾರಲ್ಲ, ನನ್ನ ಪಾಲಿಗೆ ಬಂದದ್ದು ಈ ಅಳಿಸಿದ ಮೆಸೇಜ್‌ಗಳು.

ಕೊನೆಗೆ ರಿಂಗ್‌ಟೋನ್. ಹಗಲು ಹೊತ್ತು, ಹೊಟ್ಟೆ ತುಂಬಿದ್ದಾಗ, ಮನೆಯವರ ಜೊತೆ ಹರಟುತ್ತಾ ಅದೇ ಹಳೇ ಟ್ಯೂನ್ ನಾನೇ ಹಾಕಿ ಕೇಳಿದೆ. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಜೋರಾಗಿ, ವಾರಗಟ್ಟಲೆ. ಎದೆ ಸುಮ್ಮನಾಯಿತು. ಗೆದ್ದೆ ಅಂತ ಬೀಗಿದೆ. ಆಮೇಲೆ ಮೂರು ತಿಂಗಳು ಬಿಟ್ಟು ಒಂದು ರಾತ್ರಿ ಕರೆ ಬಂದಾಗ 118, ಇಳಿಯಲು ಒಂದು ಗಂಟೆ. ಶುರುವಿನಲ್ಲಿ ಇದ್ದ ಹಾಗೇ. ಪಾವ್ಲೋವ್ ಇದನ್ನೂ ನೋಡಿದ್ದರು. ಕಲಿತದ್ದು ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದು ಕೂರುತ್ತದೆ. ಬಿಡುವು ಕೊಟ್ಟರೆ ಹಳೆಯದು ಮತ್ತೆ ತಲೆ ಎತ್ತಬಹುದು. ಇದು ಗೊತ್ತಿರದಿದ್ದರೆ ಅವತ್ತೇ ಎಲ್ಲ ಬಿಟ್ಟುಬಿಡುತ್ತಿದ್ದೆ. ಈಗ ತಿಂಗಳಿಗೊಮ್ಮೆ ಟ್ಯೂನ್ ಹಾಕಿ ಕೇಳುತ್ತೇನೆ. ಮನೆಯವರಿಗೆ ಅದು ಬಾಯಿಪಾಠ, ಅಡುಗೆ ಮಾಡುತ್ತಾ ಅವರೇ ಗುನುಗುತ್ತಾರೆ.

ಹೋದ ವಾರ ರಾತ್ರಿ 3:10ಕ್ಕೆ ರಿಂಗಾಯಿತು. ಲೈಟ್ ಹಾಕಿದೆ, ಎದ್ದು ನಿಂತೆ, ಫೋನ್ ಎತ್ತಿದೆ. ಯಾರೋ ಹಿರಿಯರು, ಮಗಳಿಗೆ ಮಾಡಲು ಹೋಗಿ ನನಗೆ ಮಾಡಿದ್ದರು. "ನಿದ್ದೆ ಕೆಡಿಸಿಬಿಟ್ಟೆನಪ್ಪಾ" ಅಂತ ಮೂರು ಸಲ ಹೇಳಿದರು. ನೋಟ್‌ಬುಕ್‌ನಲ್ಲಿ ಆ ಸಾಲು ಹೀಗಿದೆ: 108, ರಾಂಗ್ ನಂಬರ್, ಒಂಬತ್ತು ನಿಮಿಷ.